ನಿಸಿಬಿಸ್ ಬೀಳಲಿಲ್ಲ, ಪುಟ್ಟಿ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಪ್ರಬಂಧ ಎರಡು ಸಲ ಓದಿದೆ. ಚೆನ್ನಾಗಿದೆ. ಒಂದೇ ಒಂದು ಸಾಲು ಮನಸ್ಸಿಗೆ ಚುಚ್ಚಿತು: ‘363ರಲ್ಲಿ ನಿಸಿಬಿಸ್ ಕೋಟೆ ಪರ್ಷಿಯನ್ನರಿಗೆ ಸೋತು ಬಿತ್ತು.’ ಅದನ್ನು ಹಾಗೇ ಬಿಡಬೇಡಮ್ಮ. ರೋಮ್ ಸಾಮ್ರಾಜ್ಯದ ಪೂರ್ವ ಗಡಿಯಲ್ಲಿದ್ದ ಆ ಊರು ಸೋಲಲೇ ಇಲ್ಲ.

ಪರ್ಷಿಯದ ದೊರೆ ಎರಡನೇ ಶಾಪುರ್ ಮೂರು ಸಲ ಮುತ್ತಿಗೆ ಹಾಕಿದ. 350ರಲ್ಲಂತೂ ನದಿಗೇ ಕಟ್ಟೆ ಹಾಕಿ ನೀರನ್ನು ಗೋಡೆಗೆ ನುಗ್ಗಿಸಿದ. ಗೋಡೆ ಒಂದು ಕಡೆ ಕುಸಿಯಿತು. ಆದರೆ ಅವನ ಆನೆಗಳೇ ಕೆಸರಲ್ಲಿ ಹೂತುಕೊಂಡವು. ಊರಿನವರು ರಾತ್ರೋರಾತ್ರಿ ಆ ಕಂಡಿಗೆ ಮತ್ತೆ ಗೋಡೆ ಎಬ್ಬಿಸಿದರು. ಕವಿ ಎಫ್ರೇಮ್ ಆಗ ಒಳಗೇ ಇದ್ದ. ನೀರಿನ ನಡುವೆ ನಿಂತ ತನ್ನೂರನ್ನು ನೋಹನ ನಾವೆ ಅಂತ ಹಾಡಿದ. ನಮ್ಮ ಬೆಳ್ತಂಗಡಿ ಕಡೆಯ ಸಿರಿಯನ್ ಕ್ರೈಸ್ತರು ಸಂತ ಅಂತ ನೆನೆಯುವ ಎಫ್ರೇಮ್ ಇವನೇ.

ಆ ಊರಿನ ಬಿಷಪ್ಪರಿಗೂ ಸ್ವಲ್ಪ ಜಾಸ್ತಿ ಜಾಗ ಕೊಡು. ಬಿಷಪ್ ಯಾಕೋಬ 325ರಲ್ಲಿ ನೈಸಿಯಾ ಊರಲ್ಲಿ ಸೇರಿದ ಬಿಷಪ್ಪರ ಮಹಾಸಭೆಗೆ ಹೋಗಿ ಬಂದವರು. ಮೊದಲ ಮುತ್ತಿಗೆಯ ಸುಮಾರಿಗೆ ತೀರಿಕೊಂಡರು. ಆಮೇಲೆ ಬಂದ ವೊಲೊಗೆಸಿಸ್ ಕಾಲದಲ್ಲಿ ದೀಕ್ಷಾಸ್ನಾನದ ಮನೆಯೊಂದು ಎದ್ದಿತು. ಅದರ ಗೋಡೆಯ ಗ್ರೀಕ್ ಬರಹ 359ರ ಹೊತ್ತಿನದು. ಮೂರು ಮುತ್ತಿಗೆ ಕಂಡ ಜನ ಸುಮ್ನೆ ಕೂರದೆ ಹೊಸದಾಗಿ ಕಟ್ಟುತ್ತಿದ್ದರು, ನೋಡು.

ಆಮೇಲೆ ನಾಲ್ಕೇ ವರ್ಷ. ರೋಮಿನ ದೊರೆ ಜೂಲಿಯನ್ ಪರ್ಷಿಯನ್ನರ ಮೇಲಿನ ಯುದ್ಧದಲ್ಲಿ ಸತ್ತ. ಹಸಿದ ಸೈನ್ಯವನ್ನು ವಾಪಸ್ ಕರೆತರಲು ಹೊಸ ದೊರೆ ಜೋವಿಯನ್ ಶಾಪುರ್ ಜೊತೆ ಒಪ್ಪಂದ ಮಾಡಿಕೊಂಡ. ಅದರಲ್ಲಿ ನಿಸಿಬಿಸ್ಸನ್ನೇ ಬಿಟ್ಟುಕೊಟ್ಟ. ‘ನಿಮ್ಮ ಸಹಾಯ ಬೇಡ, ನಾವೇ ಕಾಪಾಡಿಕೊಳ್ಳುತ್ತೇವೆ’ ಅಂತ ಊರಿನವರು ಅಂಗಲಾಚಿದರು. ಅವನು ಕೇಳಲಿಲ್ಲ. ಮೂರು ದಿನದೊಳಗೆ ಖಾಲಿ ಮಾಡಿ ಅಂದ. ಸಾಮಾನು ಹೊರಲು ದನ, ಕತ್ತೆ ಸಾಲದೆ, ಬೆಲೆಬಾಳುವುದನ್ನೆಲ್ಲ ಮನೆಯಲ್ಲೇ ಬಿಟ್ಟು ಜನ ಹೊರಟರು. ಎಫ್ರೇಮ್ ಕೊನೆಗೆ ರೋಮಿನವರ ಕೈಯಲ್ಲೇ ಉಳಿದ ಎಡೆಸ್ಸಾ ಪಟ್ಟಣ ಸೇರಿದ.

ಆದ್ದರಿಂದ ‘ಸೋತು ಬಿತ್ತು’ ತೆಗೆದು ‘ಬಿಟ್ಟುಕೊಟ್ಟರು’ ಅಂತ ಬರೆ. ಯಾರು ಕೊಟ್ಟರು ಅನ್ನೋದನ್ನೂ ಬರೆ. ಪರ್ಷಿಯನ್ನರ ಕಾಲದಲ್ಲೂ ಅಲ್ಲಿ ಬಿಷಪ್ ಪೀಠ ಉಳಿಯಿತು. 489ರಲ್ಲಿ ಎಡೆಸ್ಸಾದ ಕ್ರೈಸ್ತ ವಿದ್ಯಾಶಾಲೆ ಮುಚ್ಚಿದಾಗ ಅಲ್ಲಿನ ಪಂಡಿತರು ಬಂದು ಸೇರಿದ್ದೂ ಇದೇ ಊರನ್ನು. ಅದನ್ನು ಬೇರೆ ಅಧ್ಯಾಯ ಮಾಡು.

ಈಗ ಅದು ಟರ್ಕಿಯ ಗಡಿಯ ನುಸೈಬಿನ್. ವೊಲೊಗೆಸಿಸ್ ಹೆಸರಿರುವ ಆ ಬರಹ ಯಾಕೋಬರ ಚರ್ಚಿನ ಗೋಡೆಯಲ್ಲಿ ಉಳಿದಿದೆ. ಅದರ ಫೋಟೋ ಹುಡುಕಿ ಮೊದಲ ಪುಟಕ್ಕೆ ಹಾಕು. ತಿದ್ದಿದ ಮೇಲೆ ಮತ್ತೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಮಾವ