ಹಿಂದಿನ ಜನ್ಮದ ಪ್ರೇಮ, ಈ ಜನ್ಮದ ಹುಡುಗಿ: ಯುವ ಲೇಖಕಿಗೊಂದು ಪತ್ರ

ಪ್ರೀತಿಯ ಯುವ ಲೇಖಕಿಗೆ,

ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿಯಾಗಿ ಓದಿದ್ದೇನೆ. ತರಗತಿಗೆ ಹೊಸದಾಗಿ ಬಂದ ಹುಡುಗನನ್ನು ಕಂಡ ಕ್ಷಣದಲ್ಲೇ ಹದಿನೇಳರ ನಾಯಕಿಗೆ ಹಿಂದಿನ ಜನ್ಮದ ನೆನಪು ಮರುಕಳಿಸುತ್ತದೆ, ಅವನೇ ತನ್ನವನೆಂದು ಅವಳಿಗೆ ಖಚಿತವಾಗುತ್ತದೆ, ಅಲ್ಲಿಂದ ಮುಂದಿನ ಕತೆಯೆಲ್ಲ ಅವರಿಬ್ಬರನ್ನು ಸೇರಗೊಡದ ಹೊರಗಿನ ಅಡ್ಡಿಗಳನ್ನು ಕುರಿತದ್ದು. ಭಾಷೆ ನಿಮ್ಮ ಹಿಡಿತದಲ್ಲಿದೆ, ಸಂಭಾಷಣೆ ಚುರುಕಾಗಿದೆ. ಆದರೂ ಮೂರನೆಯ ಅಧ್ಯಾಯ ದಾಟುವ ಹೊತ್ತಿಗೆ ನನ್ನ ಕುತೂಹಲ ತಗ್ಗಿತು, ಏಕೆಂದರೆ ಅವರ ಪ್ರೇಮ ಅಷ್ಟರಲ್ಲಾಗಲೇ ತೀರ್ಮಾನವಾಗಿಹೋಗಿತ್ತು. ಈ ಪತ್ರದ ಬಹುಭಾಗ ಅದನ್ನೇ ಕುರಿತದ್ದು.

ಹದಿಹರೆಯದ ಪ್ರೇಮಕತೆಯನ್ನು ಓದುಗರು ಕೈಗೆತ್ತಿಕೊಳ್ಳುವುದು, ಯಾರಿಗೂ ಹಿಂದೆ ಹೀಗಾಗಿರಲಾರದು ಎನಿಸುವ ಆ ಮೊದಲ ಅನುಭವದ ತಬ್ಬಿಬ್ಬಿಗಾಗಿ. ಪುನರ್ಜನ್ಮದ ಕತೆಯಾದರೋ ಇದೆಲ್ಲ ಹಿಂದೆಯೇ ಆಗಿಹೋಗಿದೆ ಎನ್ನುತ್ತದೆ. ಈ ಎರಡರ ನಡುವೆ ಜಗಳವಿದೆ, ಮತ್ತು ನಿಮ್ಮ ವಸ್ತುವಿನ ಶಕ್ತಿಯೆಲ್ಲ ಆ ಜಗಳದಲ್ಲಿಯೇ ಇದೆ. ನೀವು ಅದನ್ನು ಮೊದಲ ಭೇಟಿಯಲ್ಲೇ ರಾಜಿ ಮಾಡಿಸಿಬಿಟ್ಟಿದ್ದೀರಿ. ನಾಯಕಿ ಅವನನ್ನು ಗುರುತಿಸಿದಳು, ಆದುದರಿಂದ ಪ್ರೀತಿಸಿದಳು ಎಂಬ ವಾಕ್ಯದಲ್ಲಿರುವ ‘ಆದುದರಿಂದ’ ನನಗೆ ಒಪ್ಪಿಗೆಯಿಲ್ಲ. ಗುರುತಿಸುವುದು ನೆನಪಿನ ಕೆಲಸ, ಪ್ರೀತಿಸುವುದು ಈಗ ಬದುಕಿರುವ ಹುಡುಗಿಯ ಕೆಲಸ. ಒಂದರ ಸಂಬಳವನ್ನು ಇನ್ನೊಂದಕ್ಕೆ ಕೊಡಬೇಡಿ.

ನಮ್ಮ ಹಳೆಯ ಕವಿಗಳು ಈ ಬಗೆಯ ಕತೆಯನ್ನು ಹೇಗೆ ನಿಭಾಯಿಸಿದ್ದಾರೆಂದು ನೋಡುವುದು ನಿಮಗೆ ಉಪಯುಕ್ತವಾದೀತು. ಕ್ರಿ.ಶ. 941ರ ಸುಮಾರಿಗೆ ಪಂಪ ಬರೆದ ‘ಆದಿಪುರಾಣ’ದಲ್ಲಿ ಸ್ವರ್ಗದ ಲಲಿತಾಂಗ ಮತ್ತು ಸ್ವಯಂಪ್ರಭೆಯರು ಭೂಮಿಯಲ್ಲಿ ವಜ್ರಜಂಘ ಮತ್ತು ಶ್ರೀಮತಿಯರಾಗಿ ಹುಟ್ಟುತ್ತಾರೆ. ಆಕಾಶದಲ್ಲಿ ಸಾಗುವ ದೇವತೆಗಳನ್ನು ಕಂಡು ಶ್ರೀಮತಿಗೆ ಜಾತಿಸ್ಮರಣೆ, ಅಂದರೆ ಹಿಂದಿನ ಜನ್ಮದ ನೆನಪು, ಆಗುತ್ತದೆ, ಅವಳು ಮೂರ್ಛೆ ಹೋಗುತ್ತಾಳೆ. ಆದರೆ ಆಗ ಅವಳ ಎದುರಿಗೆ ಯಾವ ಯುವಕನೂ ಇಲ್ಲ ಎಂಬುದನ್ನು ಗಮನಿಸಿ. ನೆನಪು ಬಂದಿದೆ, ಮನುಷ್ಯ ಎಲ್ಲಿದ್ದಾನೆಂದು ಗೊತ್ತಿಲ್ಲ. ಅವಳು ತನ್ನ ಹಿಂದಿನ ಬದುಕನ್ನು ಒಂದು ಪಟದಲ್ಲಿ ಚಿತ್ರಿಸುತ್ತಾಳೆ, ದಾದಿ ಪಂಡಿತೆ ಅದನ್ನು ಜಿನಾಲಯಕ್ಕೆ ಒಯ್ದು ಬಂದವರ ಕಣ್ಣಿಗೆ ಬೀಳುವಂತೆ ಇಡುತ್ತಾಳೆ. ತಾವೇ ಆ ಪೂರ್ವಜನ್ಮದ ಪ್ರಿಯರೆಂದು ಸುಳ್ಳು ಹೇಳುವವರೂ ಬರುತ್ತಾರೆ, ಪಟದ ಒಳಗುಟ್ಟನ್ನು ಬಿಡಿಸಲಾರದೆ ಸಿಕ್ಕಿಬೀಳುತ್ತಾರೆ. ಕೊನೆಗೆ ವಜ್ರಜಂಘ ಬಂದು ನೋಡಿ ತಾನೂ ಮೂರ್ಛೆ ಹೋಗುತ್ತಾನೆ. ಸಾವಿರ ವರ್ಷಗಳಾಚೆಯ ಕವಿಯೂ ಗುರುತಿಸುವಿಕೆಯನ್ನು ಅಗ್ಗವಾಗಿ ಮಾರಲಿಲ್ಲ. ನಿಮ್ಮ ಹುಡುಗಿಗೆ ಸಂದೇಹವೇ ಬರುವುದಿಲ್ಲ, ಬೇರೊಬ್ಬನು ಬಂದು ಅವನ ಜಾಗದಲ್ಲಿ ನಿಲ್ಲುವ ಅಪಾಯವೂ ಇಲ್ಲ. ಒಬ್ಬ ಹುಸಿ ಪ್ರಿಯ, ಅದರಲ್ಲೂ ನಿಜವಾದವನಿಗಿಂತ ಒಳ್ಳೆಯವನಾದ ಹುಸಿ ಪ್ರಿಯ, ನಿಮ್ಮ ಕತೆಯ ನಡುಭಾಗವನ್ನು ಎತ್ತಿ ನಿಲ್ಲಿಸಬಲ್ಲ.

ಇನ್ನೂ ಕಠಿಣವಾದ ಉದಾಹರಣೆ ಬಾಣಭಟ್ಟನು ಏಳನೆಯ ಶತಮಾನದಲ್ಲಿ ಆರಂಭಿಸಿ ಅವನ ಮಗ ಮುಗಿಸಿದ ‘ಕಾದಂಬರಿ’ಯದು. ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯ ಮೂಲಕ ಅದು ನಮ್ಮದೂ ಆಗಿದೆ. ಸತ್ತ ಪುಂಡರೀಕನಿಗಾಗಿ ಮಹಾಶ್ವೇತೆ ಅಚ್ಛೋದ ಸರೋವರದ ಬಳಿ ತಪಸ್ವಿನಿಯಾಗಿ ಕಾಯುತ್ತಾಳೆ. ಅವನು ವೈಶಂಪಾಯನನಾಗಿ ಮತ್ತೆ ಹುಟ್ಟಿ, ತನಗೇ ಅರ್ಥವಾಗದ ಸೆಳೆತದಿಂದ ಅವಳ ಬಳಿಗೆ ಬಂದು ಪ್ರಣಯವನ್ನು ಬೇಡುತ್ತಾನೆ. ಅವಳು ಯಾರೋ ಅಪರಿಚಿತನ ಉಪಟಳವೆಂದು ತಿಳಿದು, ಗಿಣಿಯಾಗಿ ಹುಟ್ಟೆಂದು ಶಪಿಸುತ್ತಾಳೆ. ಯಾರಿಗಾಗಿ ಕಾದಿದ್ದಳೋ ಅವನನ್ನೇ ಶಪಿಸುತ್ತಾಳೆ, ಮತ್ತು ಆ ಗಳಿಗೆಯಲ್ಲಿ ಅವಳು ಮಾಡಿದ್ದು ಸರಿಯೇ ಆಗಿತ್ತು. ಒಪ್ಪಿಗೆಯಿಲ್ಲದೆ ಮೇಲೆ ಬೀಳುವವನಿಗೆ ಹಿಂದಿನ ಜನ್ಮದ ಸಂಬಂಧ ಪರವಾನಗಿ ಕೊಡುವುದಿಲ್ಲ.

ನಿಮ್ಮ ಏಳನೆಯ ಅಧ್ಯಾಯದಲ್ಲಿ ನಾಯಕ ಅವಳ ಮನೆಯ ಮುಂದೆ ರಾತ್ರಿಯೆಲ್ಲ ನಿಲ್ಲುತ್ತಾನೆ, ಬೇಡವೆಂದ ಮೇಲೂ ಹಿಂಬಾಲಿಸುತ್ತಾನೆ, ‘ನೀನು ನನ್ನವಳು, ನಿನಗೆ ನೆನಪಿಲ್ಲ ಅಷ್ಟೆ’ ಎನ್ನುತ್ತಾನೆ. ಅಲ್ಲಿಗೆ ಅವಳ ನೆನಪು ಮಸುಕಾಗಿ ಅವನದು ಸ್ಪಷ್ಟವಾಗಿರುವುದರಿಂದ, ಇಬ್ಬರ ಕತೆಯ ಬೀಗದ ಕೈ ಅವನೊಬ್ಬನಲ್ಲಿಯೇ ಉಳಿದಿದೆ. ಇದನ್ನು ನೀವು ಪ್ರಣಯವೆಂದು ಬರೆದಿದ್ದೀರಿ, ನನಗೆ ಓದುವಾಗ ಭಯವಾಯಿತು. ಅಸಮವಾದ ನೆನಪು ಒಳ್ಳೆಯ ಯೋಜನೆಯೇ, ಆದರೆ ಅದು ಒಬ್ಬರಿಗೆ ಇನ್ನೊಬ್ಬರ ಮೇಲೆ ಅಧಿಕಾರ ಕೊಡುತ್ತದೆ ಎಂಬುದು ಕತೆಗೆ ತಿಳಿದಿರಬೇಕು. ನಾಯಕನಿಗೆ ಭಯವಾಗಲಿ, ತಾನು ಹೇಳಿಕೊಟ್ಟದ್ದನ್ನೇ ಅವಳು ನೆನಪೆಂದು ತಿಳಿದುಕೊಂಡಳೇನೋ ಎಂದು ಅವನು ಅಳುಕಲಿ. ಆ ಅಳುಕು ಅವನನ್ನು ಪ್ರೀತಿಗೆ ಅರ್ಹನನ್ನಾಗಿಸುತ್ತದೆ.

ವಯಸ್ಸಿನ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡಿದೆ. ಅವನಿಗೆ ನಾಲ್ಕು ಜನ್ಮಗಳ ದಾಂಪತ್ಯ, ಮಕ್ಕಳು, ಮುಪ್ಪು, ಸಾವು ಎಲ್ಲವೂ ನೆನಪಿದ್ದರೆ, ಅವನು ಹದಿನೆಂಟರ ಮೈಯಲ್ಲಿರುವ ಮುದುಕ. ಅಂಥವನು ಹದಿನೇಳರ ಹುಡುಗಿಯನ್ನು ಪ್ರೇಮಿಸುವುದನ್ನು ಎಳೆಯ ಓದುಗರ ಮುಂದೆ ಸಹಜವೆಂದು ಇಡಲಾಗದು. ನೆನಪನ್ನು ತುಣುಕುಗಳಿಗೆ ಸೀಮಿತಗೊಳಿಸಿ. ಒಂದು ಧ್ವನಿ, ಬಾಗಿಲು ಮುಚ್ಚುವ ಒಂದು ರೀತಿ, ಕಾರಣವಿಲ್ಲದೆ ನೀರಿನ ಹೆದರಿಕೆ, ಇಷ್ಟು ಸಾಕು. ಅವನು ಈ ಜನ್ಮದಲ್ಲಿ ಪಡೆದ ವಯಸ್ಸಿನವನೇ ಆಗಿರಲಿ, ತುಣುಕುಗಳು ಅವನನ್ನು ಗಲಿಬಿಲಿಗೊಳಿಸಲಿ.

ನೆನಪು ಹದಿನೇಳಕ್ಕೇ ಏಕೆ ಬಂತು ಎಂಬುದಕ್ಕೂ ನಿಮ್ಮಲ್ಲಿ ಉತ್ತರವಿರಬೇಕು. ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್ಸನ್ ಹಲವು ದೇಶಗಳಲ್ಲಿ ಮಕ್ಕಳ ಇಂಥ ಹೇಳಿಕೆಗಳನ್ನು ಸಂಗ್ರಹಿಸಿ 1966ರಲ್ಲಿ ಇಪ್ಪತ್ತು ಪ್ರಕರಣಗಳ ಪುಸ್ತಕವನ್ನು ಪ್ರಕಟಿಸಿದರು. ಅವರ ತೀರ್ಮಾನಗಳನ್ನು ಒಪ್ಪದ ವಿಜ್ಞಾನಿಗಳೇ ಹೆಚ್ಚು, ನಾನೂ ಅದರ ಗೋಜಿಗೆ ಹೋಗುವುದಿಲ್ಲ. ನಿಮಗೆ ಬೇಕಾದದ್ದು ಅವರು ದಾಖಲಿಸಿದ ವಿನ್ಯಾಸ ಮಾತ್ರ. ಮಕ್ಕಳು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಇಂಥ ಮಾತು ಆರಂಭಿಸುತ್ತಾರೆ, ಶಾಲೆಗೆ ಹೋಗುವ ವಯಸ್ಸು ಬಂದ ಮೇಲೆ ಅದು ಮರೆಯಾಗುತ್ತದೆ. ಹಾಗಿದ್ದರೆ ನಿಮ್ಮ ನಾಯಕಿ ಮೂರು ವರ್ಷದವಳಿದ್ದಾಗ ಏನೋ ಹೇಳಿ, ಮನೆಯವರು ಅದನ್ನು ನಕ್ಕು ಮರೆತು, ಅವಳೂ ಮರೆತಿರಬಹುದು. ತಾಯಿಗೆ ಮಾತ್ರ ಅದು ನೆನಪಿದ್ದು ಅವಳು ಬಾಯಿ ಬಿಡದೆ ಇದ್ದರೆ, ಈಗ ಬರಿಯ ಅಡ್ಡಿಯಾಗಿರುವ ಆ ತಾಯಿಯ ಪಾತ್ರಕ್ಕೆ ಕೂಡಲೇ ಒಂದು ಒಳಬದುಕು ಸಿಗುತ್ತದೆ.

ಪೂರ್ವಜನ್ಮದ ಅಧ್ಯಾಯಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವು ಉದ್ದವಾಗಿವೆ, ಅವುಗಳಲ್ಲಿ ಎಲ್ಲರೂ ಅರಮನೆಯವರೇ. ಹಿಂದಿನ ಜನ್ಮದಲ್ಲಿ ಎಲ್ಲರೂ ರಾಜಕುಮಾರಿಯರಾಗಿದ್ದರೆ ಪಾತ್ರೆ ತೊಳೆದವರು ಯಾರು? ಅವಳು ಒಮ್ಮೆ ಲಿಪಿಕಾರನ ಮಗಳೋ ದೋಣಿ ನಡೆಸುವವಳೋ ಆಗಿರಲಿ. ಪ್ರತಿಯೊಂದು ಹಳೆಯ ದೃಶ್ಯವೂ ಈಗಿನ ಕತೆಯಲ್ಲಿ ಯಾವುದೋ ಒಂದು ನಿರ್ಧಾರವನ್ನು ಕಷ್ಟವಾಗಿಸಬೇಕು, ಹಾಗೆ ಮಾಡದ ದೃಶ್ಯವನ್ನು ತೆಗೆಯಿರಿ. ಅವರು ಹಿಂದೆ ಅಗಲಿದ್ದು ಶತ್ರುವಿನ ಕತ್ತಿಯಿಂದ ಎಂದು ನೀವು ಬರೆದಿದ್ದೀರಿ. ಅವರಲ್ಲೊಬ್ಬರು ಇನ್ನೊಬ್ಬರಿಗೆ ಮಾಡಿದ ದ್ರೋಹದಿಂದ ಎಂದಿದ್ದರೆ, ನೆನಪು ಮರಳುವುದನ್ನು ಒಬ್ಬರು ಬಯಸುತ್ತಾರೆ, ಇನ್ನೊಬ್ಬರು ಹೆದರುತ್ತಾರೆ.

ಮತ್ತೆ ಪಂಪನ ಕತೆಗೇ ಬರುತ್ತೇನೆ. ವಜ್ರಜಂಘ ಮತ್ತು ಶ್ರೀಮತಿ ಶಯನಗೃಹದ ಧೂಪದ ಹೊಗೆಯಲ್ಲಿ ಉಸಿರುಗಟ್ಟಿ ಜೊತೆಯಾಗಿ ಸಾಯುತ್ತಾರೆ, ಆದರೆ ಮುಂದೆ ಸದಾ ಪ್ರೇಮಿಗಳಾಗಿಯೇ ಹುಟ್ಟುವುದಿಲ್ಲ. ಒಂದು ಜನ್ಮದಲ್ಲಿ ಶ್ರೀಮತಿಯ ಜೀವ ಅವನ ಮಗನಾಗಿ ಬರುತ್ತದೆ. ಕಡೆಯಲ್ಲಿ ಅವನು ಜೈನರ ಮೊದಲ ತೀರ್ಥಂಕರ ವೃಷಭನಾಥನಾದಾಗ ಅದೇ ಜೀವ ಶ್ರೇಯಾಂಸನೆಂಬ ರಾಜಕುಮಾರನಾಗಿ, ಹಿಂದಿನದನ್ನು ನೆನೆದು, ಉಪವಾಸವಿದ್ದ ಆ ಮುನಿಗೆ ಕಬ್ಬಿನ ಹಾಲನ್ನು ಎರೆಯುತ್ತದೆ. ನಿಮ್ಮ ಓದುಗರಿಗೆ ಬೇಕಾದದ್ದು ಪ್ರಣಯ, ಅದನ್ನು ಕಸಿದುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಎರಡು ಜೀವಗಳ ನಂಟು ಗಂಡುಹೆಣ್ಣಿನ ಒಂದೇ ಸಂಬಂಧದಲ್ಲಿ ಮರುಕಳಿಸಬೇಕೆಂಬ ನಿಯಮವನ್ನು ನಿಮ್ಮ ಮೇಲೆ ಯಾರೂ ಹೇರಿಲ್ಲ ಎನ್ನುತ್ತಿದ್ದೇನೆ. ನಡುವಿನ ಒಂದು ಜನ್ಮದಲ್ಲಿ ಅವರು ಅಕ್ಕತಂಗಿಯರೋ ಗುರುಶಿಷ್ಯರೋ ಆಗಿದ್ದರೆಂದು ಗೊತ್ತಾದಾಗ ಈಗಿನ ಇಬ್ಬರೂ ಏನು ಮಾಡುತ್ತಾರೆ? ಬರೆಯಲು ಕಷ್ಟವಾದ ದೃಶ್ಯ, ನಿಮ್ಮಿಂದ ಆಗದ್ದೇನಲ್ಲ.

ತಿದ್ದುವ ಕೆಲಸವನ್ನು ಮೊದಲ ಪುಟದಿಂದ ಆರಂಭಿಸಬೇಡಿ. ನಾಯಕಿ ಅವನನ್ನು ಗುರುತಿಸಿದ ಮೇಲೆಯೂ ‘ಇಲ್ಲ’ ಎನ್ನುವ ಒಂದು ದೃಶ್ಯವನ್ನು ಮೊದಲು ಬರೆಯಿರಿ. ಅವಳ ಕಾರಣಗಳು ಈ ಜನ್ಮದವೇ ಆಗಿರಲಿ, ಅವಳ ಓದು, ಅವಳ ಗೆಳತಿ, ಅವಳಿಗೆ ಅವನಲ್ಲಿ ಹಿಡಿಸದ ಒಂದು ಗುಣ. ಆ ‘ಇಲ್ಲ’ ನಂಬುವಂತೆ ಬಂದರೆ ಕೊನೆಯ ಅಧ್ಯಾಯದ ‘ಹೌದು’ ಹೇಗಿರಬೇಕೆಂದು ನಿಮಗೇ ಹೊಳೆಯುತ್ತದೆ. ಈಗಿರುವ ಕೊನೆಯ ಅಧ್ಯಾಯವನ್ನು ಅಲ್ಲಿಯವರೆಗೆ ಮುಟ್ಟಬೇಡಿ. ಆ ಒಂದು ದೃಶ್ಯ ಸಿದ್ಧವಾದಾಗ ಕಳುಹಿಸಿಕೊಡಿ, ಉಳಿದದ್ದನ್ನು ಅದನ್ನು ಓದಿದ ಮೇಲೆ ಮಾತನಾಡೋಣ.

ಇಂತಿ ನಿಮ್ಮ ಹಿತೈಷಿ