ಬ್ರಾಡ್‌ಬ್ಯಾಂಡ್ ಸಂಪರ್ಕ ಯಾವ ಬಗೆಯದೆಂದು ಗ್ರಾಹಕರಿಗೆ ತಿಳಿಸಲಿ

ಮಾನ್ಯ ಸಂಪಾದಕರೇ,

ಕೊಯ್ಲಿನ ದಿನಗಳಲ್ಲಿ ಅಕಾಲಿಕ ಮಳೆ ಬಂದರೆ ಕಣದಲ್ಲಿ ಒಣಹಾಕಿದ ಕಾಫಿಯನ್ನು ಕೂಡಲೇ ರಾಶಿ ಮಾಡಿ ಟಾರ್ಪಾಲು ಮುಚ್ಚಿಸಬೇಕು. ಅದಕ್ಕೆಂದೇ ನಾಪೋಕ್ಲು ಸಮೀಪದ ನಮ್ಮ ತೋಟದ ಕಣಕ್ಕೆ ಕ್ಯಾಮೆರಾ ಹಾಕಿಸಿ, ಮಡಿಕೇರಿಯ ಮನೆಯಿಂದ ಮೊಬೈಲಿನಲ್ಲಿ ನೋಡುತ್ತಿದ್ದೇನೆ. ಚಿತ್ರ ಮಾತ್ರ ಪದೇ ಪದೇ ನಿಂತುಹೋಗುತ್ತಿತ್ತು. ಕ್ಯಾಮೆರಾ ಕೆಟ್ಟಿದೆಯೆಂಬ ಮಾತನ್ನು ನಂಬಿ ಎರಡು ಸಲ ಬದಲಾಯಿಸಿದ ಮೇಲೆ, ದೋಷವಿರುವುದು ಇಂಟರ್‌ನೆಟ್ ಸಂಪರ್ಕ ಕೊಟ್ಟಿರುವ ರೀತಿಯಲ್ಲಿ ಎಂಬುದು ಗೊತ್ತಾಯಿತು.

ಮನೆಯ ರೂಟರ್ ಒಳಗಿನ ಉಪಕರಣಗಳಿಗೆಲ್ಲ ಖಾಸಗಿ ವಿಳಾಸ ಕೊಟ್ಟು, ಹೊರಜಗತ್ತಿಗೆ ಒಂದೇ ಐಪಿ ವಿಳಾಸವನ್ನು ತೋರಿಸುತ್ತದೆ. ನ್ಯಾಟ್ ಎಂಬ ಈ ವ್ಯವಸ್ಥೆ ಒಳಗಿನಿಂದ ಹೊರಟ ಸಂದೇಶಕ್ಕೆ ಬರುವ ಉತ್ತರವನ್ನು ಒಳಬಿಡುತ್ತದೆ, ತಾನಾಗಿ ಬಂದದ್ದನ್ನು ತಡೆಯುತ್ತದೆ. ಹೀಗೆ ಎರಡು ರೂಟರ್‌ಗಳ ಹಿಂದಿರುವ ಉಪಕರಣಗಳು ನೇರವಾಗಿ ಮಾತಾಡಲು ಹೋಲ್ ಪಂಚಿಂಗ್ ಎಂಬ ಉಪಾಯವಿದೆ: ಎರಡೂ ಮೊದಲು ಒಂದು ಸರ್ವರನ್ನು ಸಂಪರ್ಕಿಸುತ್ತವೆ, ಅದು ಪ್ರತಿಯೊಂದರ ಹೊರವಿಳಾಸವನ್ನೂ ಪೋರ್ಟ್ ಸಂಖ್ಯೆಯನ್ನೂ (ಆ ವಿಳಾಸದಲ್ಲಿ ಯಾವ ಬಾಗಿಲೆಂದು ಸೂಚಿಸುವ ಸಂಖ್ಯೆ) ಇನ್ನೊಂದಕ್ಕೆ ತಿಳಿಸುತ್ತದೆ, ಬಳಿಕ ಎರಡೂ ಒಂದೇ ಹೊತ್ತಿಗೆ ಪರಸ್ಪರ ಯುಡಿಪಿ ಎಂಬ ಸರಳ ವಿಧಾನದಲ್ಲಿ ಪ್ಯಾಕೆಟ್ (ಮಾಹಿತಿಯ ತುಣುಕು) ಕಳುಹಿಸುವುದರಿಂದ ಎರಡೂ ರೂಟರ್‌ಗಳಲ್ಲಿ ದಾರಿ ತೆರೆದುಕೊಳ್ಳುತ್ತದೆ. ಸಂಶೋಧಕರಾದ ಫೋರ್ಡ್, ಶ್ರೀಸುರೇಶ್ ಮತ್ತು ಕೆಗೆಲ್ 2005ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಪರೀಕ್ಷಿಸಿದ ನ್ಯಾಟ್‌ಗಳಲ್ಲಿ ಸುಮಾರು ಶೇ 82ರಷ್ಟು ಯುಡಿಪಿ ಹೋಲ್ ಪಂಚಿಂಗ್‌ಗೆ ಅನುಕೂಲವಾಗಿದ್ದವು.

ತೊಡಕಿರುವುದು ಉಳಿದ ನ್ಯಾಟ್‌ಗಳಲ್ಲಿ. ಸಿಮೆಟ್ರಿಕ್ ನ್ಯಾಟ್ ಪ್ರತಿಯೊಂದು ಹೊಸ ವಿಳಾಸಕ್ಕೂ ಬೇರೆ ಪೋರ್ಟ್ ಹಂಚುವುದರಿಂದ, ಸರ್ವರ್ ತಿಳಿಸಿದ ಸಂಖ್ಯೆ ಉಪಯೋಗಕ್ಕೆ ಬಾರದೆ, ಚಿತ್ರವೆಲ್ಲ ನಡುವೆ ನಿಂತು ದಾಟಿಸುವ ದೂರದ ರಿಲೇ ಸರ್ವರ್ ಸುತ್ತಿ ಬರಬೇಕಾಗುತ್ತದೆ. ನಾಪೋಕ್ಲುವಿನಿಂದ ಮಡಿಕೇರಿಗೆ ಬರಬೇಕಾದ ಚಿತ್ರಕ್ಕೆ ಇಷ್ಟು ಸುತ್ತು ಏಕೆ ಬೇಕು? ಸೇವಾ ಸಂಸ್ಥೆಯೇ ನೂರಾರು ಮನೆಗಳನ್ನು ಒಂದು ವಿಳಾಸದ ಹಿಂದೆ ಕೂಡಿಸಿ ಎರಡನೆಯ ನ್ಯಾಟ್ ಹಾಕಿದ್ದರೆ ಕಷ್ಟ ಇನ್ನೂ ಹೆಚ್ಚುತ್ತದೆ. ರೂಟರಿನ ಹೊರವಿಳಾಸ 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಆರಂಭವಾಗಿದ್ದರೆ ಗ್ರಾಹಕರೇ ಇದನ್ನು ಗುರುತಿಸಬಹುದು. ನಮ್ಮಲ್ಲಿ ಆದದ್ದೂ ಇದೇ.

ಇದರ ಪರಿಹಾರ ಹೊಸದೇನಲ್ಲ. ಎಲ್ಲ ವಿಳಾಸಗಳಿಗೂ ಅದೇ ಪೋರ್ಟ್ ಉಳಿಸಬೇಕು, ಯುಡಿಪಿ ದಾರಿಯನ್ನು ಸಾಮಾನ್ಯವಾಗಿ ಎರಡು ನಿಮಿಷಕ್ಕೆ ಮೊದಲೇ ಮುಚ್ಚಬಾರದು, ಒಂದೇ ನ್ಯಾಟಿನ ಹಿಂದಿರುವ ಇಬ್ಬರು ಗ್ರಾಹಕರು ಪರಸ್ಪರ ಸಂಪರ್ಕಿಸಲು ಸಾಧ್ಯವಾಗಬೇಕು ಎಂದು ಇಂಟರ್‌ನೆಟ್ ತಾಂತ್ರಿಕ ನಿಯಮಗಳ ದಾಖಲೆಯಾದ 2007ರ ಆರ್‌ಎಫ್‌ಸಿ 4787 ಸ್ಪಷ್ಟವಾಗಿ ಹೇಳಿದೆ. ಇದರಿಂದ ಕಳ್ಳರಿಗೆ ಬಾಗಿಲು ತೆರೆದಂತಾಗುತ್ತದೆಂಬ ಭಯ ಬೇಡ. ಪೋರ್ಟ್ ಉಳಿಸಿಕೊಂಡೇ, ನಾವು ಸಂಪರ್ಕಿಸಿದ ವಿಳಾಸದ ಪ್ಯಾಕೆಟ್‌ಗಳನ್ನು ಮಾತ್ರ ಒಳಬಿಡುವ ಹಾಗೆ ಸೋಸಲು ಅದೇ ದಾಖಲೆ ಅವಕಾಶ ಕೊಟ್ಟಿದೆ. ಕ್ಯಾಮೆರಾದ ಪಾಸ್‌ವರ್ಡ್ ಬಲವಾಗಿರಬೇಕಾದ್ದು ಹೇಗಿದ್ದರೂ ಅಗತ್ಯವೇ.

ಆದುದರಿಂದ ಜಿಲ್ಲೆಯ ಸೇವಾ ಸಂಸ್ಥೆಗಳು ಸಂಪರ್ಕ ಕೊಡುವಾಗಲೇ ತಮ್ಮ ನ್ಯಾಟ್ ಯಾವ ಬಗೆಯದೆಂದು ಲಿಖಿತವಾಗಿ ತಿಳಿಸಬೇಕು, ಪ್ರತಿ ಉಪಕರಣಕ್ಕೂ ಸ್ವಂತ ವಿಳಾಸ ಸಿಗುವಷ್ಟು ದೊಡ್ಡದಾದ ಹೊಸ ವ್ಯವಸ್ಥೆಯ, ಅಂದರೆ ಐಪಿವಿ6ರ, ವಿಳಾಸವನ್ನೂ ಕೊಡಬೇಕು ಮತ್ತು ಕ್ಯಾಮೆರಾ ಬದಲಾಯಿಸಿ ಎನ್ನುವ ಮೊದಲು ಇದನ್ನು ಪರೀಕ್ಷಿಸುವಂತೆ ತಮ್ಮ ತಂತ್ರಜ್ಞರಿಗೆ ಮುಂದಿನ ಕೊಯ್ಲಿನೊಳಗೆ ತರಬೇತಿ ಕೊಡಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಕಾಫಿ ಬೆಳೆಗಾರ, ಮಡಿಕೇರಿ