ಚಿತ್ತಾರ ಬರೆದವರ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಈಚಿನ ಕೆಲವು ವರ್ಷಗಳಿಂದ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಕಡೆ ಹೊಸದಾಗಿ ಮನೆ ಕಟ್ಟಿಸುವವರಲ್ಲಿ ಹಲವರು ಹಳೆಯ ಮನೆಯ ಚಂದವನ್ನು ಮರಳಿ ಬಯಸುತ್ತಿದ್ದಾರೆ. ನೆಲಕ್ಕೆ ಟೈಲ್ಸ್ ಬದಲು ರೆಡ್ ಆಕ್ಸೈಡ್ ಹಾಕಿಸುತ್ತಾರೆ, ಜಗುಲಿಗೆ ಮರದ ಕಂಬ ನಿಲ್ಲಿಸುತ್ತಾರೆ, ಅಟ್ಟದಲ್ಲಿ ಕಪ್ಪಾಗಿ ಬಿದ್ದಿದ್ದ ಹಿತ್ತಾಳೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಂದು ಬಾಗಿಲ ಬಳಿ ಇಡುತ್ತಾರೆ, ಕುಶನ್ನಿಗೂ ಪರದೆಗೂ ಕೈಮಗ್ಗದ ಬಟ್ಟೆಯನ್ನೇ ಹುಡುಕುತ್ತಾರೆ. ಮೂವತ್ತು ವರ್ಷಗಳ ಹಿಂದೆ ಇದನ್ನೆಲ್ಲ ಬಡತನದ ಗುರುತೆಂದು ಹೊರಗೆ ಹಾಕಿದ್ದನ್ನು ಕಣ್ಣಾರೆ ಕಂಡಿರುವ ನನಗೆ ಈ ಒಲವು ನಿಜಕ್ಕೂ ಸಂತೋಷ ತಂದಿದೆ. ಆದರೆ ಇದೇ ಒಲವಿನ ಹೆಸರಿನಲ್ಲಿ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಬರೆಯುವ ನಮ್ಮ ಭಾಗದ ಹಸೆ ಚಿತ್ತಾರವನ್ನು, ಅದನ್ನು ಬರೆಯುವ ಹೆಂಗಸರನ್ನು ಬಿಟ್ಟು, ಬರೀ ವಿನ್ಯಾಸವಾಗಿ ಎತ್ತಿಕೊಂಡು ಹೋಗುತ್ತಿರುವುದು ನನ್ನನ್ನು ಬಹಳವಾಗಿ ನೋಯಿಸಿದೆ. ಆ ಕಾರಣದಿಂದ ಈ ಪತ್ರ.

ಕಳೆದ ವರ್ಷ ನನ್ನ ತಮ್ಮನ ಮಗಳು ಶಿವಮೊಗ್ಗದಲ್ಲಿ ಮನೆ ಒಕ್ಕಲು ಮಾಡಿದಳು. ಹಾಲ್‌ಗೆಂದು ದೊಡ್ಡ ಊರಿನ ಅಂಗಡಿಯೊಂದರಿಂದ ನಾಲ್ಕು ಕುಶನ್ ಕವರ್ ತರಿಸಿದ್ದಳು. ಕೆಂಪು ಬಟ್ಟೆ, ಅದರ ಮೇಲೆ ಬಿಳಿಯ ಚಿತ್ತಾರ. ಮಲೆನಾಡಿನ ಮಹಿಳೆಯರು ಕೈಯಿಂದ ಬರೆದದ್ದು ಎಂಬ ಚೀಟಿಯೂ ಜೊತೆಗಿತ್ತು. ‘ನೋಡಿ ಅತ್ತೆ, ನಿಮ್ಮ ಕೆಲಸವೇ ನಮ್ಮ ಮನೆಗೆ ಬಂದಿದೆ’ ಎಂದು ಅವಳು ಹೆಮ್ಮೆಯಿಂದ ಕೈಗೆ ಕೊಟ್ಟಳು. ನಾನು ನಾಲ್ಕನ್ನೂ ಸಾಲಾಗಿ ಮಂಚದ ಮೇಲೆ ಹರಡಿದೆ. ಎಡಗಡೆಯ ಮೂರನೆಯ ಎಳೆಯಲ್ಲಿ, ಕುಂಚ ಎತ್ತಿದ ಕಡೆ ಬಣ್ಣ ಸ್ವಲ್ಪ ದಪ್ಪಗೆ ನಿಂತಿತ್ತು. ಕೈಕೆಲಸದಲ್ಲಿ ಹಾಗಾಗುವುದು ಸಹಜ. ಆದರೆ ಎರಡನೆಯ ಕವರಿನಲ್ಲಿಯೂ ಅದೇ ಜಾಗದಲ್ಲಿ, ಅಷ್ಟೇ ಗಾತ್ರದಲ್ಲಿ ಅದೇ ದಪ್ಪ ಇತ್ತು. ಮೂರನೆಯದರಲ್ಲಿ, ನಾಲ್ಕನೆಯದರಲ್ಲಿಯೂ ಇತ್ತು. ತಿರುವಿ ಹಾಕಿದರೆ ಹಿಂಬದಿಯ ಬಟ್ಟೆ ಬೆಳ್ಳಗೆ. ಕೆಂಪೂ ಕೂಡ ಮೇಲ್ಮೈಗಷ್ಟೇ ಅಚ್ಚಾಗಿತ್ತು. ಯಾರೋ ಒಬ್ಬ ಹೆಂಗಸು ಎಲ್ಲೋ ಒಂದು ದಿನ ಬರೆದ ಒಂದು ಚಿತ್ತಾರದ ಫೋಟೊ ತೆಗೆದು, ಅದನ್ನೇ ಬಟ್ಟೆಯ ಮೇಲೆ ಸಾವಿರ ಸಲ ಒತ್ತಿದ್ದಾರೆ.

ಅದಕ್ಕಿಂತಲೂ ನನಗೆ ಎದ್ದು ಕಂಡದ್ದು ಮೂಲೆ. ಚಿತ್ತಾರ ಬರೆಯುವವಳು ಮೂಲೆಗೆ ಬಂದಾಗ ತಡೆದು ಯೋಚಿಸುತ್ತಾಳೆ. ಅಡ್ಡ ಬಂದ ಎಳೆಯನ್ನೂ ಉದ್ದ ಬಂದ ಎಳೆಯನ್ನೂ ಕೂಡಿಸಿ, ನಡುವಿನ ಜಾಗವನ್ನು ತುಂಬಿ ಮುಂದೆ ಹೋಗುತ್ತಾಳೆ. ಜಾಗ ಹೆಚ್ಚು ಕಡಿಮೆಯಾದರೆ ಮೂಲೆಗೆ ಇನ್ನೂ ಎರಡು ಗೇಣು ಇರುವಾಗಲೇ ಎಳೆಗಳನ್ನು ಒತ್ತಾಗಿಯೋ ಬಿಡಿಯಾಗಿಯೋ ಬರೆದು ಸರಿಹೊಂದಿಸಿಕೊಳ್ಳುತ್ತಾಳೆ. ಆ ಕವರುಗಳಲ್ಲಿ ಅಂಚು ಬಂದಲ್ಲಿ ನಿಲಿ ಎಂಬ ವಿನ್ಯಾಸವನ್ನು ಅರ್ಧಕ್ಕೇ ಕತ್ತರಿಸಲಾಗಿತ್ತು. ನಮ್ಮ ಕೇರಿಯಲ್ಲಿ ಮೊದಲ ಸಲ ಪುಂಡಿನಾರಿನ ಕುಂಚ ಹಿಡಿದ ಹುಡುಗಿಯೂ ಹಾಗೆ ಬಿಟ್ಟು ಏಳುವುದಿಲ್ಲ.

ಗೊತ್ತಿಲ್ಲದ ಓದುಗರಿಗಾಗಿ ನಾಲ್ಕು ಮಾತು ಹೇಳಬೇಕು. ಸಾಗರ, ಸೊರಬ, ಹೊಸನಗರ ತಾಲ್ಲೂಕುಗಳ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಹಸೆಗೋಡೆಯ ಮೇಲೆ, ಭೂಮಿ ಹುಣ್ಣಿಮೆಯ ಹಬ್ಬಕ್ಕೆ ಭೂಮಣ್ಣಿ ಬುಟ್ಟಿಯ ಮೇಲೆ ಹೆಂಗಸರು ಬರೆಯುವುದು ಚಿತ್ತಾರ. ಮೊದಲು ಕೆಮ್ಮಣ್ಣಿನ ಸಾರಣೆ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಯಾಗುವವರೆಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚವೆಂದರೆ ತುದಿ ಜಜ್ಜಿದ ಪುಂಡಿನಾರು. ಎಳೆ, ನಿಲಿ, ಪಪ್ಪಳಿ, ಜೋಗಿಜಡೆ, ಬಾಸಿಂಗ ಎಂದು ಒಂದೊಂದಕ್ಕೂ ಹೆಸರಿದೆ, ಮತ್ತು ಯಾವುದರ ಪಕ್ಕ ಯಾವುದು ಬರಬೇಕೆಂಬ ಕ್ರಮವಿದೆ. ನನ್ನ ಅವ್ವ ಅಳತೆಗೋಲು ಹಿಡಿದದ್ದನ್ನು ನಾನು ನೋಡಿಲ್ಲ. ಬಲಗೈಯ ಕಿರುಬೆರಳನ್ನು ಗೋಡೆಗೆ ಆನಿಸಿ, ಉಸಿರು ಬಿಗಿಹಿಡಿದು ನಾರನ್ನು ಒಂದೇ ಸಮ ಎಳೆಯುತ್ತಿದ್ದಳು; ಅಕ್ಕಿಹಿಟ್ಟು ತೆಳ್ಳಗಾದರೆ ಎಳೆ ಸೋರುತ್ತದೆ, ಗಟ್ಟಿಯಾದರೆ ನಾರು ಮುಂದೆ ಸಾಗದೆ ತಡವರಿಸುತ್ತದೆ ಎಂದು ಪ್ರತಿ ಸಲವೂ ಬಟ್ಟಲಿಗೆ ಬೆರಳದ್ದಿ ನೋಡಿಯೇ ಕೆಲಸಕ್ಕೆ ಕೂರುತ್ತಿದ್ದಳು.

ಅವ್ವನ ತವರಿನ ಊರು ಇಂದು ಶರಾವತಿಯ ಹಿನ್ನೀರಿನಡಿ ಇದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನೀರು ಏರುವ ಮೊದಲು ಜನ ಬಾಗಿಲು, ಕಂಬ, ಜಂತೆ, ಹೆಂಚುಗಳನ್ನು ಬಿಚ್ಚಿ ಗಾಡಿಗೆ ಹೇರಿದರು. ಮಣ್ಣಿನ ಗೋಡೆಯನ್ನು ಹೇರಿ ತರಲು ಆಗಲಿಲ್ಲ. ತನ್ನ ಅಕ್ಕನ ಮದುವೆಯ ಚಿತ್ತಾರ ಇದ್ದ ಗೋಡೆಯನ್ನು ಅಲ್ಲೇ ಬಿಟ್ಟು ಬಂದ ಅವ್ವ, ಹೊಸ ಊರಿನಲ್ಲಿ ಹೊಸ ಗೋಡೆಯ ಮೇಲೆ ಅದನ್ನೇ ನೆನಪಿನಿಂದ ಬರೆದಳು. ನಾನು ಕಲಿತದ್ದು ಆ ಎರಡನೆಯ ಗೋಡೆಯ ಮುಂದೆ ಕೂತು. ಚಿತ್ತಾರ ನಮ್ಮಲ್ಲಿ ಉಳಿದಿರುವುದು ಹೀಗೆ, ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ. ಬರೆಯುವ ಹೆಂಗಸರಿಗೆ ಕೆಲಸವಿಲ್ಲದೆ ಹೋದರೆ ಅಂಗಡಿಯ ಕಂಪ್ಯೂಟರಿನಲ್ಲಿ ನೂರು ಫೋಟೊ ಇದ್ದೂ ಪ್ರಯೋಜನವಿಲ್ಲ.

ಹಾಗೆಂದು ಚಿತ್ತಾರ ಹಸೆಗೋಡೆಯನ್ನು ಬಿಟ್ಟು ಹೊರಬರಬಾರದು ಎಂದು ವಾದಿಸುವವಳು ನಾನಲ್ಲ. ಹಾಗೆ ಹೇಳುವ ಹಿರಿಯರು ನಮ್ಮಲ್ಲಿದ್ದಾರೆ. ಭೂಮಣ್ಣಿ ಬುಟ್ಟಿಯನ್ನು ಅಲಂಕಾರಕ್ಕೆಂದು ದೀಪದ ಮೇಲೆ ಮುಚ್ಚಿ ಇಳಿಬಿಡುವುದು ಅವರ ಮನಸ್ಸಿಗೆ ಒಗ್ಗುವುದಿಲ್ಲ, ಆ ಭಾವನೆಯನ್ನು ನಾನು ಗೌರವಿಸುತ್ತೇನೆ. ಗದ್ದೆಗೆ ಚರಗ, ಅಂದರೆ ಭೂಮಿಗೆ ಅರ್ಪಿಸುವ ಎಡೆ, ಒಯ್ಯುವ ಬುಟ್ಟಿ ಅದು. ಆದರೆ ಮಣ್ಣಿನ ಗೋಡೆಗಳೇ ಅಪರೂಪವಾದ ಮೇಲೆ ಚಿತ್ತಾರಕ್ಕೆ ಬೇರೆ ಜಾಗ ಬೇಕೇ ಬೇಕು. ಬಟ್ಟೆಯ ಮೇಲೆ ಅಕ್ಕಿಹಿಟ್ಟು ನಿಲ್ಲುವುದಿಲ್ಲ, ಒಂದು ಒಗೆತಕ್ಕೆ ಹೋಗುತ್ತದೆ. ಆದ್ದರಿಂದ ಬಟ್ಟೆಗೆ ಬಟ್ಟೆಯ ಬಣ್ಣವನ್ನೇ ಬಳಸಲಿ, ಸೂಜಿ ದಾರದಲ್ಲಿ ಬೇಕಾದರೂ ಕಸೂತಿ ಹಾಕಲಿ. ಸಿಮೆಂಟಿನ ಗೋಡೆಗೆ ಕೆಮ್ಮಣ್ಣಿಗೆ ಅಂಟು ಬೆರೆಸಿ ಬಳಿದುಕೊಳ್ಳಲಿ. ಬಣ್ಣ ಬದಲಾದರೆ ಚಿತ್ತಾರ ಕೆಡುವುದಿಲ್ಲ, ಬರೆಯುವವಳು ಇರಬೇಕು ಅಷ್ಟೇ.

ಬಟ್ಟೆಯ ವಿಷಯಕ್ಕೆ ಬಂದರೆ ನಮಗೆ ದೂರ ಹೋಗುವ ಅಗತ್ಯವೇ ಇಲ್ಲ. ಕೆಂಪಡಿಕೆ ಮಾಡುವ ಮನೆಗಳಲ್ಲಿ ಎಳೆಯಡಿಕೆಯನ್ನು ಸುಲಿದು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಚೊಗರು ಬಟ್ಟೆಗೆ ಹಾಕಬಲ್ಲ ಒಳ್ಳೆಯ ಬಣ್ಣ. ಅಡಿಕೆ ಸುಲಿದವರ ಬೆರಳಿನ ಕರೆ ತಿಂಗಳಾದರೂ ಹೋಗದಿರುವುದು ಮಲೆನಾಡಿನವರಿಗೆ ಗೊತ್ತಿರುವ ಸಂಗತಿ. ಆ ಒಗರೇ ನೂಲನ್ನೂ ಹಿಡಿಯುತ್ತದೆ. ಪಟಿಕ ಹಾಕಿ ಅದ್ದಿದರೆ ಕಂದುಗೆಂಪು ನಿಲ್ಲುತ್ತದೆ, ಕಬ್ಬಿಣದ ತುಕ್ಕಿನ ನೀರು ಸೇರಿಸಿದರೆ ಬೂದು ಕಪ್ಪಿಗೆ ತಿರುಗುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಸುತ್ತ ಕೆಲಸ ಮಾಡುವ ಚರಕ ಮಹಿಳಾ ಸಹಕಾರ ಸಂಘ 1996ರಲ್ಲಿ ಆರಂಭವಾದದ್ದು; ಹಳ್ಳಿಯ ಹೆಂಗಸರು ಮಗ್ಗದಲ್ಲಿ ನೇಯುವ ಹತ್ತಿ ಬಟ್ಟೆಗೆ ಚೊಗರಿನಂಥ ಸಹಜ ಬಣ್ಣವನ್ನು ಹಾಕಿ ಮಾರುವ ದಾರಿಯನ್ನು ಅದು ತೋರಿಸಿಕೊಟ್ಟಿದೆ. ಚೊಗರಿನ ಬಣ್ಣದ ಬಟ್ಟೆಯ ಮೇಲೆ ಬಿಳಿಯ ಎಳೆ ಬರೆದು ನೋಡಿದರೆ ಕೆಮ್ಮಣ್ಣು ಸಾರಿಸಿದ ಗೋಡೆಗೆ ಅದು ಎಷ್ಟು ಹತ್ತಿರವಾಗಿ ಕಾಣುತ್ತದೆಂಬುದು ತಿಳಿಯುತ್ತದೆ. ನಾನು ಎರಡು ಕಿಟಕಿ ಪರದೆಗಳಿಗೆ ಹಾಗೆ ಬರೆದುಕೊಂಡಿದ್ದೇನೆ. ಆರು ಸಲ ಒಗೆದಾಗಿದೆ, ಬಟ್ಟೆ ತುಸು ಮಾಸಿ ಮತ್ತೂ ಚೆನ್ನಾಗಿದೆ.

ಇನ್ನು ಕೂಲಿಯ ಮಾತು. ಗೋಡೆಗೆ ಚಿತ್ತಾರ ಬರೆಸುವ ಕೆಲವರು ಪೇಂಟಿಂಗ್ ಕಂಟ್ರಾಕ್ಟಿನ ಹಾಗೆ ಚದರಡಿಗೆ ಇಷ್ಟು ಎಂದು ದರ ಗೊತ್ತು ಮಾಡುತ್ತಾರೆ. ಈ ಲೆಕ್ಕ ಚಿತ್ತಾರಕ್ಕೆ ಹೊಂದುವುದಿಲ್ಲ. ಬಿಡಿಬಿಡಿಯಾಗಿ ಬರೆದ ಒಂದು ಚದರಡಿಗೂ, ನಿಲಿ ಎಳೆಗಳು ಒತ್ತಾಗಿ ಹೆಣೆದುಕೊಂಡ ಒಂದು ಚದರಡಿಗೂ ಹಿಡಿಯುವ ಸಮಯದಲ್ಲಿ ಅಜಗಜಾಂತರವಿದೆ. ಅಳತೆಗೆ ದರವಿಟ್ಟಾಗ ಹೊಟ್ಟೆಪಾಡಿಗಾಗಿ ಬರೆಯುವವಳು ಸಹಜವಾಗಿಯೇ ಎಳೆಗಳನ್ನು ದೂರ ದೂರ ಇಡುತ್ತಾಳೆ, ದಪ್ಪ ಬ್ರಷ್ ಹಿಡಿಯುತ್ತಾಳೆ, ಸೂಕ್ಷ್ಮವಾದ ಪಪ್ಪಳಿಯನ್ನು ಬಿಟ್ಟೇಬಿಡುತ್ತಾಳೆ. ಹತ್ತು ವರ್ಷ ಹೀಗೇ ನಡೆದರೆ ಅವಳ ಮಗಳು ಅದನ್ನೇ ಚಿತ್ತಾರವೆಂದು ಕಲಿಯುತ್ತಾಳೆ. ಮರಗೆಲಸದ ಮೇಸ್ತ್ರಿಗೆ ದಿನಗೂಲಿ ಕೊಡುವ ಮನೆಯವರು ಚಿತ್ತಾರದವಳಿಗೂ ದಿನಗೂಲಿಯನ್ನೇ, ಅದೇ ಮೇಸ್ತ್ರಿಯ ದರದಲ್ಲಿ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅವಳೂ ಕಸುಬು ಬಲ್ಲವಳೇ.

ಮಾರುವವರಿಗೆ ನನ್ನ ಕೋರಿಕೆ ಇಷ್ಟು: ಅಚ್ಚು ಹಾಕಿದ್ದನ್ನು ಅಚ್ಚು ಎಂದೇ ಹೇಳಿ ಮಾರಿ. ಎಲ್ಲರಿಗೂ ಕೈಬರಹದ ಬೆಲೆ ಕೊಡಲು ಆಗುವುದಿಲ್ಲ, ಅಚ್ಚಿನ ಬಟ್ಟೆ ಕೊಳ್ಳುವವರನ್ನು ನಾನು ದೂರುವುದಿಲ್ಲ. ಅದರ ಮೇಲೆ ಕೈಯಿಂದ ಬರೆದದ್ದು ಎಂಬ ಚೀಟಿ ಅಂಟಿಸಿದಾಗ ಮಾತ್ರ ಕೊಂಡವರಿಗೂ ಮೋಸ, ನಿಜವಾಗಿ ಬರೆಯುವವಳಿಗೂ ಮೋಸ; ಅವಳು ಒಂದು ವಾರ ಕೂತು ಬರೆದ ಕವರಿನ ಬೆಲೆ ಕೇಳಿ, ‘ಇಂಥದ್ದೇ ಅಲ್ಲಿ ಕಾಲು ಬೆಲೆಗೆ ಸಿಗುತ್ತದೆ’ ಎಂದು ಜನ ಎದ್ದು ಹೋಗುತ್ತಾರೆ. ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಗುರುತಿದೆ. ಅದು ನೇಯ್ಗೆಗೆ ಸಂಬಂಧಿಸಿದ್ದು, ಬಟ್ಟೆಯ ಮೇಲಿನ ಬರಹವನ್ನು ಯಾರು ಬರೆದರು ಎಂಬುದನ್ನು ಅದು ಹೇಳುವುದಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈ ಉತ್ಪನ್ನಗಳಿಗೆ ಶೂನ್ಯ ಕರ ಇರಬೇಕೆಂದು ರಂಗಕರ್ಮಿ ಪ್ರಸನ್ನ ಅವರು ಸತ್ಯಾಗ್ರಹ ನಡೆಸಿದ್ದು ಓದುಗರಿಗೆ ನೆನಪಿರಬಹುದು. ಅಂಥ ರಿಯಾಯಿತಿ ಯಾವುದೇ ಬರಲಿ, ಕೈಯದು ಯಾವುದು, ಯಂತ್ರದ್ದು ಯಾವುದು ಎಂಬುದು ಸ್ಪಷ್ಟವಿಲ್ಲದಿದ್ದರೆ ಅದರ ಲಾಭ ಅಚ್ಚು ಹಾಕುವವರ ಪಾಲಾಗುತ್ತದೆ. ಚೀಟಿಯ ಮೇಲೆ ಬರೆದವಳ ಹೆಸರು, ಊರು, ಬರೆಯಲು ಹಿಡಿದ ದಿನಗಳು ಇಷ್ಟನ್ನು ಹಾಕಲು ಯಾವ ಕಾನೂನಿಗೂ ಕಾಯಬೇಕಾಗಿಲ್ಲ.

ಮನೆ ಕಟ್ಟಿಸುವವರಲ್ಲಿಯೂ ಒಂದು ಮಾತು. ಹಳೆಯ ತೊಟ್ಟಿಮನೆಗಳನ್ನು ಕೆಡವಿಸಿ ಕಂಬ ಬಾಗಿಲುಗಳನ್ನು ಕೊಂಡು ತರುವುದಕ್ಕಿಂತ, ಸೊರಬ ಸಾಗರಗಳಲ್ಲಿ ಇನ್ನೂ ಉಳಿ ಹಿಡಿಯುತ್ತಿರುವ ಗುಡಿಗಾರರಿಂದ ಒಂದು ಹೊಸ ಬಾಗಿಲುವಾಡ ಮಾಡಿಸಿದರೆ ಒಂದು ಹಳೆಯ ಮನೆ ಉಳಿಯುತ್ತದೆ, ಒಬ್ಬ ಕುಶಲಕರ್ಮಿಗೂ ಕೆಲಸವಾಗುತ್ತದೆ. ಚಿತ್ತಾರಕ್ಕೆ ಮನೆಯೊಳಗೆ ಮಳೆಯ ಎರಚಲು ತಾಗದ ಒಂದೇ ಒಂದು ಗೋಡೆ ಸಾಕು. ಸ್ಟಿಕ್ಕರ್ ಅಂಟಿಸುವ ಬದಲು ಆ ಗೋಡೆಯನ್ನು ಖಾಲಿ ಬಿಟ್ಟು, ಗೃಹಪ್ರವೇಶಕ್ಕೆ ಹದಿನೈದು ದಿನ ಮೊದಲೇ ಬರೆಯುವವರನ್ನು ಕರೆಯಿರಿ. ಹಿಂದಿನ ದಿನ ಫೋನ್ ಮಾಡಿ ಕರೆದರೆ ಆಗುವ ಕೆಲಸವಲ್ಲ ಇದು. ನನ್ನ ತಮ್ಮನ ಮಗಳು ಆ ನಾಲ್ಕು ಕವರುಗಳನ್ನು ತೆಗೆದಿಟ್ಟು, ಕಳೆದ ಭೂಮಿ ಹುಣ್ಣಿಮೆಯ ನಂತರ ನಮ್ಮೂರಿನ ಇಬ್ಬರನ್ನು ಮನೆಯಲ್ಲಿ ಇರಿಸಿಕೊಂಡು ದೇವರ ಕೋಣೆಯ ಹೊರಗೋಡೆಗೆ ಬರೆಸಿದಳು. ಐದು ದಿನ ಹಿಡಿಯಿತು. ಮೂರನೆಯ ದಿನದಿಂದ ಅವಳ ಎಂಟು ವರ್ಷದ ಮಗಳೂ ಬಟ್ಟಲು ಹಿಡಿದು ಕೂತಿದ್ದಳು. ಕೆಳಗಿನ ಒಂದು ಸಾಲು ಸೊಟ್ಟಗಿದೆ, ಅದು ಆ ಮಗು ಬರೆದದ್ದು.

ಕೊನೆಯದಾಗಿ, ಸಂಪಾದಕರೇ, ತಮ್ಮಲ್ಲಿ ಒಂದು ವಿನಂತಿ. ಗೃಹಾಲಂಕಾರದ ಪುಟಗಳಲ್ಲಿ ಇಂಥ ಮನೆಗಳ ಚಿತ್ರ ಪ್ರಕಟಿಸುವಾಗ ಮನೆಯ ಯಜಮಾನರ ಹೆಸರು, ವಾಸ್ತುಶಿಲ್ಪಿಯ ಹೆಸರು, ಛಾಯಾಗ್ರಾಹಕರ ಹೆಸರು ಎಲ್ಲವೂ ಇರುತ್ತವೆ. ಗೋಡೆಯ ಮೇಲೆ ಚಿತ್ತಾರವಿದ್ದರೆ ಅದನ್ನು ಬರೆದವರು ಯಾರು, ಯಾವ ಊರಿನವರು ಎಂದು ಕೇಳಿ ತಿಳಿದು ಅದನ್ನೂ ಅದೇ ಸಾಲಿನಲ್ಲಿ ಮುದ್ರಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ